ನಡೆದರೆ ಸೋಲುವ ಕಾಲು, ಕುಳಿತರೆ ಸರಿಹೋಗುವ ನೋವು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ತೊಂದರೆಯ ಸುತ್ತ ಇದ್ದುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬೆನ್ನುಮೂಳೆಯೊಳಗೆ ನರಗಳು ಹಾದುಹೋಗುವ ನಾಳವು ಇಕ್ಕಟ್ಟಾಗುವುದನ್ನು ವೈದ್ಯರು ಸ್ಪೈನಲ್ ಸ್ಟೆನೋಸಿಸ್ ಎನ್ನುತ್ತಾರೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಶಿರಸಿಯ ನಿವೃತ್ತ ಶಿಕ್ಷಕಿ, ವಯಸ್ಸು 67. ಎರಡು ವರ್ಷಗಳ ಹಿಂದಿನವರೆಗೂ ಮನೆಯಿಂದ ಮಾರಿಕಾಂಬಾ ದೇವಸ್ಥಾನಕ್ಕೆ ನಡೆದೇ ಹೋಗಿ ಬರುತ್ತಿದ್ದೆ. ಈಗ ಇನ್ನೂರು ಹೆಜ್ಜೆ ಇಡುವಷ್ಟರಲ್ಲಿ ಎರಡೂ ಕಾಲುಗಳು ಭಾರವಾಗಿ, ತೊಡೆಯ ಹಿಂಭಾಗದಿಂದ ಮೀನಖಂಡದವರೆಗೆ ಜೋಮು ಹಿಡಿದು ನಿಂತುಬಿಡಬೇಕಾಗುತ್ತದೆ. ಯಾವುದಾದರೂ ಅಂಗಡಿಯ ಕಟ್ಟೆಯ ಮೇಲೆ ಐದು ನಿಮಿಷ ಕುಳಿತರೆ ಏನೂ ಆಗಿರಲೇ ಇಲ್ಲವೆಂಬಂತೆ ಸರಿಹೋಗುತ್ತದೆ. ಬಗ್ಗಿ ಅಂಗಳ ಗುಡಿಸುವಾಗ ನೋವೇ ಇರುವುದಿಲ್ಲ. ಇದನ್ನು ಹೇಳಿದರೆ ಮನೆಯವರೂ ನಂಬುವುದಿಲ್ಲ. ಎಂಆರ್‌ಐ ವರದಿಯಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವೆ ನಾಳ ತೀವ್ರವಾಗಿ ಕಿರಿದಾಗಿದೆ ಎಂದಿದೆ. ಆಪರೇಷನ್ ಮಾಡಿಸದಿದ್ದರೆ ಕಾಲು ಬಿದ್ದುಹೋಗುತ್ತದೆ ಎಂದು ಒಬ್ಬರು, ಮಾಡಿಸಿದರೆ ಹಾಸಿಗೆ ಹಿಡಿಯುತ್ತೀರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಅಮ್ಮ, ಮೊದಲಿಗೆ ನಿಮ್ಮ ಮನೆಯವರಿಗೆ ಒಂದು ಮಾತು ಹೇಳಬೇಕು. ನಡೆಯುವಾಗ ಬರುವ ನೋವು ಬಗ್ಗಿದಾಗ ಇಲ್ಲವಾಗುವುದು ನೆಪವಲ್ಲ. ಈ ಕಾಯಿಲೆಯನ್ನು ಗುರುತಿಸಲು ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು. ನೀವು ಪತ್ರದಲ್ಲಿ ವಿವರಿಸಿರುವುದು ಎಷ್ಟು ಸ್ಪಷ್ಟವಾಗಿದೆಯೆಂದರೆ, ಎಂಆರ್‌ಐ ನೋಡುವ ಮೊದಲೇ ಅನುಭವಿ ವೈದ್ಯರು ಏನಿರಬಹುದೆಂದು ಊಹಿಸಬಲ್ಲರು.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ. ಮಿದುಳಿನಿಂದ ಇಳಿಯುವ ಬೆನ್ನುಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲಿಯೇ ಮುಗಿಯುತ್ತದೆ. ಅದರ ಕೆಳಗೆ ನಾಳದಲ್ಲಿರುವುದು ಕಾಲುಗಳಿಗೆ, ಮೂತ್ರಕೋಶಕ್ಕೆ ಮತ್ತು ಗುದಭಾಗಕ್ಕೆ ಹೋಗುವ ಸಡಿಲವಾದ ನರಗಳ ಕಂತೆ. ವಯಸ್ಸಾದಂತೆ ಮೂಳೆಗಳ ನಡುವಿನ ಡಿಸ್ಕ್ ಒಣಗಿ ಕುಸಿಯುತ್ತದೆ, ಹಿಂಭಾಗದ ಸಣ್ಣ ಕೀಲುಗಳು ಸವೆದು ದಪ್ಪವಾಗುತ್ತವೆ, ನಾಳದ ಹಿಂಬದಿಯ ಗೋಡೆಯಂತಿರುವ ಹಳದಿ ತಂತುಪಟ್ಟಿಯೂ ದಪ್ಪವಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಹೀಗೆ ಮುಂದಿನಿಂದಲೂ ಹಿಂದಿನಿಂದಲೂ ಒತ್ತಡ ಬಂದು ನರಗಳಿಗೆ ಜಾಗ ಸಾಲದಾಗುತ್ತದೆ. ನೆಟ್ಟಗೆ ನಿಂತಾಗ ಅಥವಾ ಹಿಂದಕ್ಕೆ ಬಾಗಿದಾಗ ಆ ಪಟ್ಟಿ ಇನ್ನಷ್ಟು ಒಳಗೆ ಸರಿದು ನಾಳ ಮತ್ತೂ ಕಿರಿದಾಗುತ್ತದೆ. ಮುಂದಕ್ಕೆ ಬಗ್ಗಿದಾಗ ಪಟ್ಟಿ ಬಿಗಿಯಾಗಿ ಎಳೆದುಕೊಂಡು ನಾಳ ಅಗಲವಾಗುತ್ತದೆ. ನಡೆಯುವಾಗ ನರಗಳಿಗೆ ಹೆಚ್ಚು ರಕ್ತ ಬೇಕಾದ ಹೊತ್ತಿನಲ್ಲಿಯೇ ಅವು ಅದುಮಿಕೊಂಡಿರುವುದರಿಂದ ಕಾಲು ಸೋಲುತ್ತದೆ. ಅಂಗಡಿಯ ಕಟ್ಟೆಯಲ್ಲಿ ಕುಳಿತಾಗ ಸೊಂಟ ತುಸು ಬಾಗಿ ನರಗಳು ಉಸಿರಾಡುತ್ತವೆ ಎನ್ನಬಹುದು. ಇದೇ ಕಾರಣಕ್ಕೆ ಈ ತೊಂದರೆಯಿರುವವರಲ್ಲಿ ಅನೇಕರು ನಡೆಯಲಾರದಿದ್ದರೂ ಸೈಕಲ್ ತುಳಿಯಬಲ್ಲರು, ಇಳಿಜಾರಿಗಿಂತ ಏರನ್ನು ಸುಲಭವಾಗಿ ಹತ್ತಬಲ್ಲರು. ಮಲೆನಾಡಿನವರಾದ ನೀವು ಇದನ್ನು ಗಮನಿಸಿರಲೂಬಹುದು.

ಈ ಲಕ್ಷಣಗಳನ್ನು ಕಿರಿದಾದ ನಾಳದೊಂದಿಗೆ ಸ್ಪಷ್ಟವಾಗಿ ಜೋಡಿಸಿ ತೋರಿಸಿದವರು ನೆದರ್ಲೆಂಡ್ಸ್‌ನ ಶಸ್ತ್ರವೈದ್ಯ ಹೆಂಕ್ ವರ್ಬೀಸ್ಟ್. 1954ರಲ್ಲಿ ಪ್ರಕಟವಾದ ಅವರ ಲೇಖನದ ನಂತರವೇ ಇದೊಂದು ಪ್ರತ್ಯೇಕ ಕಾಯಿಲೆಯೆಂದು ವೈದ್ಯಲೋಕ ಒಪ್ಪಿಕೊಂಡಿತು. ಅಂದರೆ ನಮ್ಮ ಅಜ್ಜ ಅಜ್ಜಿಯರು 'ವಯಸ್ಸಾಯಿತು, ಕಾಲಲ್ಲಿ ಬಲವಿಲ್ಲ' ಎಂದು ಜಗಲಿಯಲ್ಲಿ ಕುಳಿತುಬಿಟ್ಟ ಕಾಲದಲ್ಲಿ ಇದಕ್ಕೆ ಸರಿಯಾದ ಹೆಸರೂ ಇರಲಿಲ್ಲ.

ಇನ್ನು ವರದಿಯಲ್ಲಿರುವ 'ತೀವ್ರ' ಎಂಬ ಪದ. ಅದು ನಾಳದ ಅಳತೆಯನ್ನು ಹೇಳುತ್ತದೆಯೇ ಹೊರತು ನಿಮ್ಮ ಭವಿಷ್ಯವನ್ನು ಹೇಳುವುದಿಲ್ಲ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಂದೂ ಬೆನ್ನುನೋವು ಅಥವಾ ಕಾಲಿಗಿಳಿಯುವ ನೋವು ಅನುಭವಿಸದ 67 ಮಂದಿಗೆ ಎಂಆರ್‌ಐ ಮಾಡಿದಾಗ, 60 ದಾಟಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ನಾಳ ಕಿರಿದಾಗಿರುವುದು ಕಂಡುಬಂದಿತ್ತು. ಅವರೆಲ್ಲರೂ ಆರಾಮವಾಗಿ ಓಡಾಡಿಕೊಂಡಿದ್ದವರು. ಆದ್ದರಿಂದ ಚಿಕಿತ್ಸೆಯನ್ನು ನಿರ್ಧರಿಸಬೇಕಾದದ್ದು ನೀವು ಎಷ್ಟು ದೂರ ನಡೆಯಬಲ್ಲಿರಿ, ಯಾವ ಕೆಲಸಗಳನ್ನು ಬಿಟ್ಟುಕೊಟ್ಟಿದ್ದೀರಿ, ಕಾಲಿನ ಬಲ ಹೇಗಿದೆ ಎಂಬುದನ್ನು ನೋಡಿ. ಚಿತ್ರವು ಅದಕ್ಕೆ ಹೊಂದಿಕೆಯಾಗಬೇಕು, ಅಷ್ಟೇ.

'ಮಾಡಿಸದಿದ್ದರೆ ಕಾಲು ಬಿದ್ದುಹೋಗುತ್ತದೆ' ಎಂಬ ಮಾತು ನಿಮ್ಮ ವಿಷಯದಲ್ಲಿ ಸರಿಯಲ್ಲ. ಸೊಂಟದ ಸ್ಟೆನೋಸಿಸ್ ಬಹುಮಂದಿಯಲ್ಲಿ ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಕೆಲವರಲ್ಲಿ ಸುಧಾರಿಸುತ್ತದೆ, ಕೆಲವರಲ್ಲಿ ನಿಧಾನವಾಗಿ ಹೆಚ್ಚುತ್ತದೆ. ಥಟ್ಟನೆ ಕಾಲು ಸತ್ತುಹೋಗುವುದು ಅಪರೂಪ. ಆದರೆ ಆ ಅಪರೂಪದ ಸಂದರ್ಭದ ಗುರುತುಗಳನ್ನು ನೀವು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು: ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕುಳಿತಾಗ ನೆಲಕ್ಕೆ ತಾಗುವ ಭಾಗದಲ್ಲಿ ಅಥವಾ ಗುಪ್ತಾಂಗದ ಸುತ್ತ ಸ್ಪರ್ಶ ತಿಳಿಯದಿರುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರಿಹೋಗುವುದು, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಂದುವುದು. ಇವುಗಳಲ್ಲಿ ಯಾವುದಾದರೂ ಒಂದು ಹೊಸದಾಗಿ ಕಂಡರೆ ಬೆಳಗಾಗಲಿ ಎಂದು ಕಾಯದೆ ಅದೇ ದಿನ, ಅದೇ ರಾತ್ರಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಇವೇನೂ ಇಲ್ಲದಿದ್ದಾಗ ಯೋಚಿಸಲು ನಿಮಗೆ ಸಮಯವಿದೆ.

ಆ ಸಮಯವನ್ನು ಹೇಗೆ ಬಳಸಬೇಕು? ಮೊದಲು ಕನಿಷ್ಠ ಆರು ವಾರ, ಸಾಧ್ಯವಾದರೆ ಮೂರು ತಿಂಗಳು, ಫಿಸಿಯೋಥೆರಪಿಸ್ಟ್ ಒಬ್ಬರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿ. ಬೆನ್ನ ಮೇಲೆ ಮಲಗಿ ಮಂಡಿಗಳನ್ನು ಎದೆಯತ್ತ ತಂದುಕೊಳ್ಳುವುದು, ಸೊಂಟವನ್ನು ಹಾಸಿಗೆಗೆ ಒತ್ತಿ ಹೊಟ್ಟೆಯ ಸ್ನಾಯುಗಳನ್ನು ಬಿಗಿಮಾಡುವುದು, ತೊಡೆಯ ಮುಂಭಾಗವನ್ನು ಹಿಗ್ಗಿಸುವುದು, ನಿಂತಲ್ಲೇ ತುಳಿಯುವ ಸೈಕಲ್ ಇವು ಸಾಮಾನ್ಯವಾಗಿ ಒಗ್ಗುತ್ತವೆ. ನಡಿಗೆಯನ್ನು ಬಿಡಬೇಡಿ, ಇನ್ನೂರು ಹೆಜ್ಜೆಗೆ ಕಾಲು ಸೋಲುವುದಾದರೆ ನೂರೈವತ್ತಕ್ಕೇ ಕುಳಿತು, ಮತ್ತೆ ನೂರೈವತ್ತು ನಡೆಯಿರಿ. ನೋವು ಬಂದ ಮೇಲೆ ಕುಳಿತುಕೊಳ್ಳುವುದಕ್ಕಿಂತ ಬರುವ ಮುಂಚೆ ಕುಳಿತುಕೊಳ್ಳುವವರು ದಿನದ ಲೆಕ್ಕದಲ್ಲಿ ಹೆಚ್ಚು ದೂರ ನಡೆಯುತ್ತಾರೆ. ಕೈಯಲ್ಲಿ ಊರುಗೋಲು ಅಥವಾ ಗಟ್ಟಿಯಾದ ಕೊಡೆ ಇರಲಿ, ತುಸು ಮುಂದಕ್ಕೆ ಬಾಗಿ ನಡೆಯಲು ಸಂಕೋಚಪಡಬೇಡಿ. ಅಡುಗೆಮನೆಯಲ್ಲಿ ಬಹಳ ಹೊತ್ತು ನಿಲ್ಲಬೇಕಾದಾಗ ಒಂದು ಪಾದವನ್ನು ಗಿಡ್ಡ ಮಣೆಯ ಮೇಲಿಟ್ಟುಕೊಂಡರೆ ಸೊಂಟದ ಬಾಗು ಕಡಿಮೆಯಾಗುತ್ತದೆ. ರಾತ್ರಿ ಮಗ್ಗುಲಾಗಿ, ಮಂಡಿ ಮಡಚಿ ಮಲಗಿ.

ಒಂದು ಎಚ್ಚರಿಕೆಯಿದೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಮೂಳೆ ಟೊಳ್ಳಾಗಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಸೊಂಟವನ್ನು ಬಲವಂತವಾಗಿ ಮುಂದಕ್ಕೆ ಬಗ್ಗಿಸುವ ವ್ಯಾಯಾಮಗಳಿಂದ ಬೆನ್ನಿನ ಮೂಳೆಯೇ ಕುಸಿಯಬಹುದು. ಮೂಳೆಸಾಂದ್ರತೆಯ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶವನ್ನು ಫಿಸಿಯೋಥೆರಪಿಸ್ಟರಿಗೆ ತೋರಿಸಿದ ಮೇಲೆಯೇ ವ್ಯಾಯಾಮ ಶುರುಮಾಡಿ.

ಮಾತ್ರೆಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನೋವು ನಿವಾರಕಗಳು ಕೆಲವು ದಿನಗಳ ಮಟ್ಟಿಗೆ ಸಹಾಯ ಮಾಡಬಹುದು, ಆದರೆ ಡೈಕ್ಲೋಫೆನಾಕ್‌ನಂಥವನ್ನು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವವರ ಮೂತ್ರಪಿಂಡ ಕೆಡುವುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ. ರಕ್ತದೊತ್ತಡ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ನರಗಳಿಗೆಂದು ಕೊಡುವ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಮಾತ್ರೆಗಳು ವಯಸ್ಸಾದವರಲ್ಲಿ ತೂಕಡಿಕೆ ಮತ್ತು ತಲೆಸುತ್ತು ತರುತ್ತವೆ. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮೂಲ ತೊಂದರೆ ಮರೆತೇಹೋಗುತ್ತದೆ. ಬೆನ್ನಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್‌ನ ವಿಷಯದಲ್ಲಿ, 2014ರಲ್ಲಿ ಅಮೆರಿಕದಲ್ಲಿ 400 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು: ಮರಗಟ್ಟಿಸುವ ಔಷಧಿಯ ಜೊತೆ ಸ್ಟೆರಾಯ್ಡ್ ಸೇರಿಸಿದವರಿಗೂ, ಬರೀ ಮರಗಟ್ಟಿಸುವ ಔಷಧಿ ಪಡೆದವರಿಗೂ ಆರು ವಾರಗಳ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಇಂಜೆಕ್ಷನ್‌ನ ಮೇಲೆ ದೊಡ್ಡ ಆಸೆ ಇಟ್ಟುಕೊಂಡು, ಒಂದರ ಮೇಲೊಂದು ಹಾಕಿಸಿಕೊಳ್ಳಲು ನಾನು ಸಲಹೆ ಮಾಡುವುದಿಲ್ಲ.

ಇಷ್ಟಾದ ಮೇಲೂ ದೇವಸ್ಥಾನದ ದಾರಿ ದೂರವೇ ಆಗಿ ಉಳಿದರೆ ಶಸ್ತ್ರಚಿಕಿತ್ಸೆಯನ್ನು ಧೈರ್ಯವಾಗಿ ಪರಿಗಣಿಸಿ. 'ಹಾಸಿಗೆ ಹಿಡಿಯುತ್ತೀರಿ' ಎಂಬ ಎರಡನೆಯ ಮಾತೂ ಸರಿಯಲ್ಲ. ನರಗಳನ್ನು ಅದುಮಿರುವ ಮೂಳೆಯ ಭಾಗವನ್ನೂ ದಪ್ಪಗಾದ ಪಟ್ಟಿಯನ್ನೂ ತೆಗೆದು ಜಾಗ ಮಾಡಿಕೊಡುವುದೇ ಈ ಶಸ್ತ್ರಚಿಕಿತ್ಸೆ. ಸಾಮಾನ್ಯವಾಗಿ ಮಾರನೆಯ ದಿನದೊಳಗೆ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಅಮೆರಿಕದ 13 ಕೇಂದ್ರಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಪಡೆದವರು ಮೊದಲ ಎರಡು ವರ್ಷಗಳಲ್ಲಿ ಪಡೆಯದವರಿಗಿಂತ ಹೆಚ್ಚು ಸುಧಾರಿಸಿದ್ದರು. ವರ್ಷಗಳು ಕಳೆದಂತೆ ಆ ಅಂತರ ಕಿರಿದಾಯಿತು. ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು 9 ಮಂದಿಯಲ್ಲಿ ನರಗಳ ಹೊದಿಕೆ ಹರಿದು ಆಗಲೇ ಹೊಲಿಯಬೇಕಾಗಿತ್ತು. ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗುವುದು, ಇವೆಲ್ಲ ನಿಜವಾದ ಸಾಧ್ಯತೆಗಳು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಒಪ್ಪಿದ್ದ 169 ಮಂದಿಯನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಫಿಸಿಯೋಥೆರಪಿ ಕೊಟ್ಟಾಗ, ಎರಡು ವರ್ಷಗಳ ಕೊನೆಯಲ್ಲಿ ಎರಡೂ ಗುಂಪುಗಳ ಸ್ಥಿತಿ ಸರಿಸುಮಾರು ಒಂದೇ ಆಗಿತ್ತು. ಆದರೆ ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು ಎಂಬುದನ್ನೂ ಮುಚ್ಚಿಡಬಾರದು. ಇವೆಲ್ಲವನ್ನೂ ಕೂಡಿಸಿ ನನಗೆ ಅನ್ನಿಸುವುದು ಇಷ್ಟು: ಮೊದಲು ವ್ಯಾಯಾಮಕ್ಕೆ ಪ್ರಾಮಾಣಿಕವಾದ ಅವಕಾಶ ಕೊಡಿ, ಅದು ಸಾಲದಿದ್ದರೆ ಶಸ್ತ್ರಚಿಕಿತ್ಸೆಗೆ ಹೆದರಬೇಡಿ. ಕಾಲಿನ ಭಾರ ಮತ್ತು ನಡಿಗೆಯ ದೂರ ಸುಧಾರಿಸುವಷ್ಟು ಬೆನ್ನುನೋವು ಸುಧಾರಿಸುವುದಿಲ್ಲ, ಹಳೆಯ ಜೋಮು ಸ್ವಲ್ಪ ಉಳಿಯಲೂಬಹುದು. ಇದನ್ನು ಮೊದಲೇ ತಿಳಿದುಕೊಂಡು ಹೋದವರು ಆಮೇಲೆ ನಿರಾಶರಾಗುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಹದಿನೆಂಟು ವರ್ಷಗಳಿಂದ ಯೋಗಾಭ್ಯಾಸ ಮಾಡುತ್ತಿದ್ದೇನೆ, ವಯಸ್ಸು 61. ಸೊಂಟದಲ್ಲಿ ಸ್ಟೆನೋಸಿಸ್ ಇದೆಯೆಂದು ಗೊತ್ತಾದ ಮೇಲೆ ಬೆನ್ನು ಬಲವಾಗಲೆಂದು ಭುಜಂಗಾಸನ, ಶಲಭಾಸನಗಳನ್ನು ಹೆಚ್ಚು ಮಾಡಿದೆ. ಕಾಲಿನ ಸೆಳೆತ ಹೆಚ್ಚಾಗಿದೆ. ಯೋಗವನ್ನೇ ಬಿಡಬೇಕೇ?

ಉತ್ತರ: ಯೋಗವನ್ನು ಬಿಡಬೇಕಾಗಿಲ್ಲ, ಆಸನಗಳ ಆಯ್ಕೆಯನ್ನು ಬದಲಿಸಬೇಕು. ಡಿಸ್ಕ್ ಜಾರಿ ಕಾಲುನೋವು ಬಂದ ಕೆಲವರಿಗೆ ಹಿಂದಕ್ಕೆ ಬಾಗುವ ಭಂಗಿಗಳು ಹಿತವಾಗುತ್ತವೆ. ಅವರಿಗೆ ಹೇಳಿದ ಸಲಹೆಯನ್ನೇ ನಿಮಗೂ ಯಾರೋ ಹೇಳಿರಬಹುದು. ನಾಳ ಕಿರಿದಾಗಿರುವವರಿಗೆ ಆ ಸಲಹೆ ತಿರುಗುಬಾಣವಾಗುತ್ತದೆ, ಏಕೆಂದರೆ ಭುಜಂಗಾಸನ, ಶಲಭಾಸನ, ಉಷ್ಟ್ರಾಸನ, ಚಕ್ರಾಸನಗಳಲ್ಲಿ ಸೊಂಟ ಹಿಂದಕ್ಕೆ ಬಾಗಿ ನಾಳ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಸೂರ್ಯನಮಸ್ಕಾರದಲ್ಲಿ ಹಿಂದಕ್ಕೆ ಬಾಗುವ ಹಂತಗಳನ್ನು ಕೈಬಿಡಿ. ಪವನಮುಕ್ತಾಸನ, ಶಶಾಂಕಾಸನ, ಮಾರ್ಜಾಲಾಸನದಲ್ಲಿ ಬೆನ್ನನ್ನು ಮೇಲಕ್ಕೆ ಗೂನು ಮಾಡುವ ಭಾಗ, ಇವು ಸಾಮಾನ್ಯವಾಗಿ ಹಿತವೆನಿಸುತ್ತವೆ. ಪ್ರಾಣಾಯಾಮಕ್ಕೆ ಅಡ್ಡಿಯಿಲ್ಲ, ಬೆನ್ನಿಗೆ ಒರಗು ಇಟ್ಟುಕೊಳ್ಳಿ. ಹೊಸ ಆಸನವನ್ನು ಮಾಡಿದ ಮೇಲೆ ಕಾಲಿನ ಜೋಮು ಪಾದದತ್ತ ಹರಡಿದರೆ ಆ ಆಸನ ನಿಮಗಲ್ಲ ಎಂದು ತಿಳಿಯಿರಿ. ನಿಮ್ಮ ಯೋಗ ಗುರುಗಳಿಗೆ ಎಂಆರ್‌ಐ ವರದಿಯ ಸಾರಾಂಶವನ್ನು ತಿಳಿಸಿ. ಹದಿನೆಂಟು ವರ್ಷದ ಶಿಷ್ಯರೆಂಬ ವಿಶ್ವಾಸದಿಂದ ಅವರು ಕಠಿಣ ಭಂಗಿಗಳಿಗೆ ಒತ್ತಾಯಿಸುವ ಸಾಧ್ಯತೆ ಇರುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿರುವ ನಮ್ಮ ತಂದೆಯವರಿಗೆ 72 ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ಬೀಡಿ ಸೇದುವ ಅಭ್ಯಾಸವೂ ಇದೆ. ಸ್ವಲ್ಪ ದೂರ ನಡೆದರೆ ಬಲ ಮೀನಖಂಡ ಹಿಂಡಿದಂತಾಗುತ್ತದೆ, ನಿಂತರೆ ಸಾಕು ಎರಡು ನಿಮಿಷದಲ್ಲಿ ಕಡಿಮೆಯಾಗುತ್ತದೆ. ಎಂಆರ್‌ಐಯಲ್ಲಿ ಸ್ಟೆನೋಸಿಸ್ ಇದೆಯೆಂದು ಬೆನ್ನಿನ ಚಿಕಿತ್ಸೆ ನಡೆಯುತ್ತಿದೆ, ಗುಣ ಕಂಡಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು 'ನಿಂತರೆ ಸಾಕು' ಎಂಬ ಮಾತು. ಬೆನ್ನಿನ ನರಗಳ ತೊಂದರೆಯಾಗಿದ್ದರೆ ಸುಮ್ಮನೆ ನಿಂತದ್ದರಿಂದ ನೋವು ಹೋಗುವುದಿಲ್ಲ, ಕುಳಿತುಕೊಳ್ಳಬೇಕು ಅಥವಾ ಬಗ್ಗಬೇಕು. ನಿಂತೊಡನೆ ಇಳಿಯುವ, ಒಂದೇ ಮೀನಖಂಡವನ್ನು ಹಿಂಡುವ ನೋವು ಕಾಲಿನ ರಕ್ತನಾಳ ಕಟ್ಟಿಕೊಂಡಿರುವುದರ ಲಕ್ಷಣವಾಗಿರಬಹುದು. ಸಕ್ಕರೆ ಕಾಯಿಲೆ ಮತ್ತು ಬೀಡಿ ಎರಡೂ ಸೇರಿರುವವರಲ್ಲಿ ಅದೇ ಮೊದಲ ಅನುಮಾನವಾಗಬೇಕು. ಪಾದದ ನಾಡಿ ಸಿಗುತ್ತದೆಯೇ, ಬಲ ಪಾದ ತಣ್ಣಗಿದೆಯೇ, ಬೆರಳುಗಳ ನಡುವೆ ಮಾಯದ ಹುಣ್ಣಿದೆಯೇ ಎಂದು ಈ ವಾರವೇ ಪರೀಕ್ಷೆ ಮಾಡಿಸಿ. ತೋಳಿನ ಮತ್ತು ಹರಡಿನ ರಕ್ತದೊತ್ತಡವನ್ನು ಹೋಲಿಸಿ ನೋಡುವ ಸರಳ ಪರೀಕ್ಷೆಯೂ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಕೂಡ ಬೇಕು. ಎಂಆರ್‌ಐಯಲ್ಲಿ ಕಂಡದ್ದು ಈ ವಯಸ್ಸಿಗೆ ಸಹಜವಾದ ಬದಲಾವಣೆಯಷ್ಟೇ ಇರಬಹುದು. ಬೀಡಿಯನ್ನು ಇಂದೇ ನಿಲ್ಲಿಸುವಂತೆ ಹೇಳಿ. ಕಾಲು ಉಳಿಸುವ ಔಷಧಿಗಳಲ್ಲಿ ಅದಕ್ಕಿಂತ ಪರಿಣಾಮಕಾರಿಯಾದದ್ದು ಕಡಿಮೆ. ಅವರು ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತದಲ್ಲಿ ಬಿ12 ಮಟ್ಟವನ್ನೂ ನೋಡಿಸಿ, ಅದರ ಕೊರತೆಯಿಂದಲೂ ಪಾದಗಳಲ್ಲಿ ಜೋಮು ಬರುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತೆಯವರಿಗೆ ಶಸ್ತ್ರಚಿಕಿತ್ಸೆ ನಿಶ್ಚಯವಾಗಿದೆ. ಒಬ್ಬ ವೈದ್ಯರು ಒತ್ತಡ ತೆಗೆದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಸ್ಕ್ರೂ ಮತ್ತು ಸಲಾಕೆ ಹಾಕಿ ಮೂಳೆಗಳನ್ನು ಬೆಸೆಯಲೇಬೇಕು ಎನ್ನುತ್ತಾರೆ. ಖರ್ಚಿನಲ್ಲಿ ಬಹಳ ವ್ಯತ್ಯಾಸವಿದೆ.

ಉತ್ತರ: ಇದು ಒಳ್ಳೆಯ ಪ್ರಶ್ನೆ, ಮತ್ತು ಕೇಳಲು ಹಿಂಜರಿಯಬೇಕಾದ ಪ್ರಶ್ನೆಯಲ್ಲ. ಸ್ವೀಡನ್ನಿನಲ್ಲಿ 50ರಿಂದ 80 ವರ್ಷದೊಳಗಿನ 247 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒತ್ತಡವನ್ನಷ್ಟೇ ತೆಗೆದವರಿಗಿಂತ ಬೆಸುಗೆಯನ್ನೂ ಮಾಡಿಸಿಕೊಂಡವರು ಎರಡು ವರ್ಷಗಳ ನಂತರ ಹೆಚ್ಚು ಸುಧಾರಿಸಿರಲಿಲ್ಲ. ಅವರಲ್ಲಿ ಒಂದು ಮೂಳೆ ಇನ್ನೊಂದರ ಮೇಲೆ ತುಸು ಜಾರಿದ್ದವರೂ ಇದ್ದರು. ಬೆಸುಗೆಯಲ್ಲಿ ಶಸ್ತ್ರಚಿಕಿತ್ಸೆಯ ಅವಧಿ, ರಕ್ತಸ್ರಾವ, ಆಸ್ಪತ್ರೆಯ ವಾಸ ಎಲ್ಲವೂ ಹೆಚ್ಚು. ಹಾಗೆಂದು ಬೆಸುಗೆ ಯಾರಿಗೂ ಬೇಡವೆಂದಲ್ಲ. ಮೂಳೆ ಬಹಳ ಜಾರಿದ್ದರೆ, ಬಗ್ಗಿ ಮತ್ತು ಹಿಂದಕ್ಕೆ ಬಾಗಿ ತೆಗೆದ ಎಕ್ಸ್‌ರೇಗಳಲ್ಲಿ ಅದು ಅಲುಗಾಡುವುದು ಕಂಡರೆ, ಬೆನ್ನು ಪಕ್ಕಕ್ಕೆ ಡೊಂಕಾಗಿದ್ದರೆ, ಅಥವಾ ಒತ್ತಡ ತೆಗೆಯಲು ಕೀಲಿನ ಬಹುಭಾಗವನ್ನೇ ತೆಗೆಯಬೇಕಾದರೆ ಸ್ಕ್ರೂಗಳು ಅಗತ್ಯವಾಗುತ್ತವೆ. ಆದ್ದರಿಂದ ಎರಡನೆಯ ವೈದ್ಯರನ್ನು ಗೌರವದಿಂದಲೇ ಕೇಳಿ: 'ಅತ್ತೆಯವರ ಬೆನ್ನಿನಲ್ಲಿ ಸ್ಕ್ರೂ ಬೇಕೆನ್ನಲು ಯಾವ ಕಾರಣ ಕಂಡಿದೆ, ಎಕ್ಸ್‌ರೇಯಲ್ಲಿ ತೋರಿಸುತ್ತೀರಾ?' ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಮೂರನೆಯ ಅಭಿಪ್ರಾಯ ಪಡೆಯಿರಿ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬರುವವರೆಗೆ ದಿನಾಂಕವನ್ನು ಮುಂದೂಡಿಸಿ, ಗಾಯಕ್ಕೆ ಸೋಂಕು ತಗುಲುವ ಅಪಾಯ ಅದರಿಂದ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕಿನ ಹಳ್ಳಿ. ನಮ್ಮ ಅಣ್ಣ ಕೃಷಿಕರು, 58 ವರ್ಷ. ಬಾಲ್ಯದಿಂದ ಕೊಳವೆ ಬಾವಿಯ ನೀರನ್ನೇ ಕುಡಿದು ಬೆಳೆದವರು, ಹಲ್ಲುಗಳ ಮೇಲೆ ಕಂದು ಕಲೆಗಳಿವೆ. ಕೆಲವು ವರ್ಷಗಳಿಂದ ಕುತ್ತಿಗೆ, ಬೆನ್ನು ಕಟ್ಟಿಗೆಯಂತೆ ಬಿಗಿದಿವೆ. ಈಗ ಆರು ತಿಂಗಳಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಓಡುತ್ತಿಲ್ಲ, ನಡೆಯುವಾಗ ಕಾಲು ಅಡ್ಡಾದಿಡ್ಡಿ ಬೀಳುತ್ತದೆ. ನೋವು ಹೆಚ್ಚಿಲ್ಲವಾದ್ದರಿಂದ ಬೇಸಾಯದ ಕೆಲಸ ಮುಗಿಯಲಿ ಎಂದು ಕಾಯುತ್ತಿದ್ದೇವೆ.

ಉತ್ತರ: ದಯವಿಟ್ಟು ಕಾಯಬೇಡಿ. ಈ ಐದು ಪತ್ರಗಳಲ್ಲಿ ನನಗೆ ಅತ್ಯಂತ ಆತಂಕ ತಂದದ್ದು ನಿಮ್ಮದು. ಸೊಂಟದಲ್ಲಿ ನಾಳ ಕಿರಿದಾದರೆ ಅದುಮಿಕೊಳ್ಳುವುದು ಸಡಿಲವಾದ ನರಗಳು, ಅವು ಸಾಕಷ್ಟು ಸಹಿಸಿಕೊಳ್ಳುತ್ತವೆ. ಕುತ್ತಿಗೆಯಲ್ಲಿ ಅದುಮಿಕೊಳ್ಳುವುದು ಬೆನ್ನುಹುರಿಯೇ. ಬೆರಳುಗಳ ಸೂಕ್ಷ್ಮ ಕೆಲಸ ತಪ್ಪುವುದು, ನಡಿಗೆ ತೂರಾಡುವುದು, ಕಾಲು ಬಿಗಿಯುವುದು, ಮೂತ್ರ ತಡೆಯಲಾಗದಿರುವುದು ಇವು ಬೆನ್ನುಹುರಿಗೆ ಪೆಟ್ಟಾಗುತ್ತಿರುವುದರ ಗುರುತುಗಳು. ಇದರಲ್ಲಿ ನೋವು ಇರಲೇಬೇಕೆಂದಿಲ್ಲ, ಅದಕ್ಕಾಗಿಯೇ ಜನ ತಡಮಾಡುತ್ತಾರೆ. ಹೀಗೆ ಕಳೆದುಕೊಂಡ ಶಕ್ತಿ ಬಹಳ ಕಾಲವಾದ ಮೇಲೆ ಶಸ್ತ್ರಚಿಕಿತ್ಸೆಯಿಂದಲೂ ಪೂರ್ತಿ ಮರಳುವುದಿಲ್ಲ.

ಹಲ್ಲಿನ ಕಲೆ, ಬಿಗಿದ ಬೆನ್ನು, ಕೊಳವೆ ಬಾವಿಯ ನೀರು ಈ ಮೂರೂ ಸೇರಿದಾಗ, ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್ ಕಾಯಿಲೆಯನ್ನು ಯೋಚಿಸಲೇಬೇಕು. ನಮ್ಮ ದೇಶದಲ್ಲಿ ಇದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿಯಾಯಿತು. ಕರ್ನಾಟಕದಲ್ಲಿ ಪಾವಗಡವಲ್ಲದೆ ಕೋಲಾರ, ಚಿಕ್ಕಬಳ್ಳಾಪುರ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅದನ್ನು ಮೀರಿದ ನೀರನ್ನು ದಶಕಗಳ ಕಾಲ ಕುಡಿದರೆ ಮೂಳೆಗಳು ದಟ್ಟವಾಗಿ, ಬೆನ್ನಿನ ತಂತುಪಟ್ಟಿಗಳು ಸುಣ್ಣಗಟ್ಟಿ ಮೂಳೆಯಾಗಿಬಿಡುತ್ತವೆ, ನಾಳ ಒಳಗಿನಿಂದಲೇ ತುಂಬಿಕೊಳ್ಳುತ್ತದೆ. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಂಡರೆ ರೋಗ ಬಹುಮಟ್ಟಿಗೆ ಖಚಿತವಾಗುತ್ತದೆ. ಮೂತ್ರದಲ್ಲಿ ಫ್ಲೋರೈಡ್ ಪ್ರಮಾಣವನ್ನೂ ಅಳೆಯಬಹುದು.

ಈ ವಾರವೇ ಅಣ್ಣನವರನ್ನು ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ಪತ್ರ ಪಡೆದು ಬೆಂಗಳೂರಿನ ನಿಮ್ಹಾನ್ಸ್‌ನಂಥ ನರಶಸ್ತ್ರಚಿಕಿತ್ಸಾ ವಿಭಾಗವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಆಯುಷ್ಮಾನ್ ಕಾರ್ಡ್ ಇದ್ದರೆ ಜೊತೆಗಿರಲಿ. ಅಲ್ಲಿಯವರೆಗೆ ಕುತ್ತಿಗೆಗೆ ಮಸಾಜ್ ಮಾಡಿಸುವುದಾಗಲಿ, ಯಾರಿಂದಲಾದರೂ ಲಟಕ್ಕನೆ ನೆಟಿಗೆ ತೆಗೆಸುವುದಾಗಲಿ ಖಂಡಿತ ಬೇಡ. ದ್ವಿಚಕ್ರ ವಾಹನ, ತಲೆಯ ಮೇಲೆ ಹೊರೆ ಹೊರುವುದು, ಮರ ಹತ್ತುವುದು ಇವನ್ನು ನಿಲ್ಲಿಸಬೇಕು, ಏಕೆಂದರೆ ಇಂಥ ಕುತ್ತಿಗೆಗೆ ಸಣ್ಣ ಬೀಳುವಿಕೆಯೂ ದೊಡ್ಡ ಹಾನಿ ಮಾಡಬಲ್ಲದು.

ಮನೆಯ ಮಕ್ಕಳಿಗಾಗಿ ನೀರನ್ನು ಈಗಲೇ ಬದಲಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅದರ ನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ ಸಾರು ಮಾಡಲೂ ಬಳಸಿ. ಸಂಗ್ರಹಿಸಿದ ಮಳೆ ನೀರಿನಲ್ಲಿ ಫ್ಲೋರೈಡ್ ಬಹಳ ಕಡಿಮೆ ಇರುತ್ತದೆ. ಅದನ್ನು ಸೋಸಿ, ಕಾಯಿಸಿ ಕುಡಿಯಬಹುದು. ನಿಮ್ಮ ಕೊಳವೆ ಬಾವಿಯ ನೀರನ್ನು ಪರೀಕ್ಷಿಸಿಕೊಡುವಂತೆ ಗ್ರಾಮ ಪಂಚಾಯಿತಿಗೆ ಲಿಖಿತ ಮನವಿ ಕೊಡಿ. ಅಣ್ಣನವರ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ, ಸಂಚಿಕೆಗಾಗಿ ಕಾಯಿಸದೆ ಅಂಚೆಯಲ್ಲಿಯೇ ಉತ್ತರಿಸುತ್ತೇನೆ.